ಮೆಡಿಕಲ್ ಬೋರ್ಡ್ ಬರೆದದ್ದೇ ಕೊನೆಯ ಮಾತಲ್ಲ: ಸೈನಿಕ ಕುಟುಂಬಗಳ ಪ್ರಶ್ನೆಗಳಿಗೆ ಉತ್ತರ

ಗಾಯ ಅಥವಾ ಕಾಯಿಲೆಯೊಂದಿಗೆ ಸೇನೆಯಿಂದ ಮನೆಗೆ ಮರಳಿದವರ, ಮರಳಲಿರುವವರ ಹಲವು ಪತ್ರಗಳು ಈ ತಿಂಗಳು ನಮ್ಮ ಅಂಕಣಕ್ಕೆ ಬಂದಿವೆ. ಮೆಡಿಕಲ್ ಬೋರ್ಡ್ ಮತ್ತು ಅಂಗವೈಕಲ್ಯ ಪಿಂಚಣಿಯ ಬಗ್ಗೆ ಬಂದ ಆ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಉತ್ತರಿಸಿದ್ದೇವೆ. ಕಳಿಸಿದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಯಜಮಾನರು ಭೂಸೇನೆಯಲ್ಲಿ ಹವಾಲ್ದಾರರಾಗಿದ್ದಾರೆ. ಇಪ್ಪತ್ನಾಲ್ಕು ವರ್ಷಗಳ ಸೇವೆ ಮುಗಿಸಿ ಕೆಲವೇ ತಿಂಗಳಲ್ಲಿ ನಿವೃತ್ತರಾಗಲಿದ್ದಾರೆ. ಎತ್ತರದ ಗಡಿಪ್ರದೇಶದಲ್ಲಿ ಇದ್ದಾಗ ರಕ್ತದೊತ್ತಡ ಕಾಣಿಸಿಕೊಂಡಿತು. ಆಮೇಲೆ ಬೆನ್ನುಮೂಳೆಯ ತೊಂದರೆಯೂ ಸೇರಿ ಲೋ ಮೆಡಿಕಲ್ ಕೆಟಗರಿಯಲ್ಲಿ, ಅಂದರೆ ಪೂರ್ಣ ಆರೋಗ್ಯವಿಲ್ಲದವರ ವರ್ಗದಲ್ಲಿ, ಇಟ್ಟಿದ್ದಾರೆ. ಈಗ ರಿಲೀಸ್ ಮೆಡಿಕಲ್ ಬೋರ್ಡಿಗೆ ಕರೆ ಬಂದಿದೆ. ಇದು ಬರೀ ತಪಾಸಣೆಯೋ, ಪಿಂಚಣಿಗೂ ಇದಕ್ಕೂ ಸಂಬಂಧವಿದೆಯೋ? ಕೇಳಿದರೆ ‘ನಿನಗೇಕೆ ಆ ಚಿಂತೆ’ ಎನ್ನುತ್ತಾರೆ. — ಹವಾಲ್ದಾರರೊಬ್ಬರ ಪತ್ನಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ತಾಯಿ, ನೀವು ಚಿಂತಿಸುತ್ತಿರುವುದು ಸರಿಯಾಗಿಯೇ ಇದೆ. ಯಜಮಾನರಿಗೆ ಈ ಉತ್ತರವನ್ನು ದಯವಿಟ್ಟು ಓದಿ ಹೇಳಿ. ನಿವೃತ್ತಿಯ ನಂತರ ಕುಟುಂಬಕ್ಕೆ ಬರುವ ಹಣದ ಒಂದು ಭಾಗ ಆ ಬೋರ್ಡಿನ ಮೂವರು ವೈದ್ಯರು ಬರೆಯುವ ಕೆಲವು ಸಾಲುಗಳ ಮೇಲೆ ನಿಂತಿರುತ್ತದೆ. ಅಲ್ಲಿ ತಪ್ಪಿದ್ದನ್ನು ಮುಂದೆ ಸರಿಪಡಿಸಿಕೊಳ್ಳಬಹುದಾದರೂ ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಸೇವಾವಧಿ ಮುಗಿಯುವ ಮುನ್ನ ಕಾಯಿಲೆಯ ಕಾರಣದಿಂದಲೇ ಸೈನಿಕನನ್ನು ಮನೆಗೆ ಕಳಿಸಬೇಕಾದಾಗ ನಡೆಯುವುದು ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್. ‘ಬೋರ್ಡ್ ಔಟ್ ಆದರು’ ಎಂದು ಜನ ಹೇಳುವುದು ಇದನ್ನೇ. ನಿಮ್ಮ ಯಜಮಾನರಂತೆ ಅವಧಿ ಪೂರೈಸಿ ಹೊರಬರುವವರ ದೇಹಸ್ಥಿತಿಯನ್ನು ದಾಖಲಿಸುವುದು ರಿಲೀಸ್ ಮೆಡಿಕಲ್ ಬೋರ್ಡ್. ಎರಡರಲ್ಲೂ ವೈದ್ಯರು ಮುಖ್ಯವಾಗಿ ಎರಡು ವಿಷಯಗಳನ್ನು ತೀರ್ಮಾನಿಸುತ್ತಾರೆ. ಕಾಯಿಲೆಗೆ ಸೈನಿಕ ಸೇವೆ ಕಾರಣವೇ, ಅಥವಾ ಬೇರೆ ಕಾರಣದಿಂದ ಬಂದ ಕಾಯಿಲೆ ಸೇವೆಯ ಪರಿಸ್ಥಿತಿಯಿಂದ ಉಲ್ಬಣಗೊಂಡಿದೆಯೇ ಎಂಬುದು ಒಂದು. ಅಂಗವೈಕಲ್ಯ ಶೇಕಡಾ ಎಷ್ಟು, ಅದು ಎಷ್ಟು ಕಾಲದ್ದು ಎಂಬುದು ಇನ್ನೊಂದು. ಅವಧಿ ಮುಗಿಸಿ ಬರುವವರಿಗೆ ಅಂಗವೈಕಲ್ಯದ ಹಣ ಸಿಗಬೇಕಾದರೆ, ಕಾಯಿಲೆ ಸೇವೆಗೆ ಸಂಬಂಧಿಸಿದ್ದೆಂದು ಒಪ್ಪಿಗೆಯಾಗಬೇಕು ಮತ್ತು ಪ್ರಮಾಣ ಶೇ 20ಕ್ಕಿಂತ ಕಡಿಮೆ ಇರಬಾರದು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಸೌಲಭ್ಯ ಸಿಗುವುದಿಲ್ಲ. ಎರಡು ಕಾಯಿಲೆಗಳಿದ್ದಾಗ ಪ್ರತಿಯೊಂದಕ್ಕೂ ಬೇರೆಬೇರೆ ಪ್ರಮಾಣ ಬರೆದು, ಒಟ್ಟು ಪ್ರಮಾಣವನ್ನು ಪ್ರತ್ಯೇಕವಾಗಿ ನಿರ್ಧರಿಸುತ್ತಾರೆ. ಎರಡನ್ನೂ ಕೂಡಿಸಿದಷ್ಟೇ ಬರಬೇಕೆಂದೇನಿಲ್ಲ. ಒಂದು ಕಾಯಿಲೆ ಸೇವೆಗೆ ಸಂಬಂಧಿಸಿದ್ದೆಂದೂ ಇನ್ನೊಂದು ಅಲ್ಲವೆಂದೂ ಬರೆಯುವುದುಂಟು. ಆಗ ಒಪ್ಪಿದ ಕಾಯಿಲೆಯ ಪ್ರಮಾಣ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಬೋರ್ಡಿನ ನಮೂನೆಯಲ್ಲಿ ಸೈನಿಕನೇ ತುಂಬಬೇಕಾದ ಹೇಳಿಕೆಯ ಭಾಗವೊಂದಿದೆ. ಹೆಚ್ಚಿನವರು ಅದನ್ನು ಗುಮಾಸ್ತರ ಕೈಗೆ ಬಿಟ್ಟು ಸಹಿ ಹಾಕಿ ಎದ್ದುಬರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಕಡತದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಭಾಗ ಅದೇ. ಯಾವ ವರ್ಷದಿಂದ ಯಾವ ವರ್ಷದವರೆಗೆ ಎಲ್ಲೆಲ್ಲಿ ಕೆಲಸ ಮಾಡಿದಿರಿ, ಅದು ಫೀಲ್ಡೋ (ಗಡಿಯಂತಹ ಕಾರ್ಯಾಚರಣೆಯ ಪ್ರದೇಶವೋ) ಪೀಸ್ ಸ್ಟೇಷನ್ನೋ (ಶಾಂತ ಪ್ರದೇಶದ ನೆಲೆಯೋ), ಕಾಯಿಲೆ ಮೊದಲು ಎಲ್ಲಿ ಕಾಣಿಸಿತು, ಸೇನೆ ಸೇರುವ ಮುಂಚೆ ಅದು ಇತ್ತೇ, ಸೇವೆಯಲ್ಲಿ ನಡೆದ ಯಾವ ಘಟನೆ ಅದಕ್ಕೆ ಕಾರಣವಾಯಿತೆಂದು ನಿಮಗೆ ಅನಿಸುತ್ತದೆ ಎಂದು ಅಲ್ಲಿ ಕೇಳಿರುತ್ತಾರೆ. ಈ ಕೊನೆಯ ಪ್ರಶ್ನೆಗೆ ‘ಏನೂ ಇಲ್ಲ’ ಎಂದು ಬರೆದುಬಿಟ್ಟರೆ, ಮುಂದೆ ಪ್ರಕರಣ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದಾಗ ಎದುರು ಪಕ್ಷದ ವಕೀಲರು ಮೊದಲು ತೋರಿಸುವುದು ಆ ಎರಡು ಪದಗಳನ್ನೇ. ಹಿಮಪ್ರದೇಶದಲ್ಲಿ ಎಷ್ಟು ಕಾಲ ಇದ್ದರು, ಯಾವ ಆಸ್ಪತ್ರೆಗೆ ಸೇರಿಸಿದರು, ಭಾರ ಹೊರುವಾಗ ಬೆನ್ನಿಗೆ ಪೆಟ್ಟಾಗಿತ್ತೇ ಎಂಬುದನ್ನೆಲ್ಲ ಸತ್ಯವಾಗಿ, ವಿವರವಾಗಿ ಬರೆಯಲಿ. ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಬಿಡಲೂಬಾರದು. ಕಮಾಂಡಿಂಗ್ ಆಫೀಸರ್ ಬರೆಯುವ ಭಾಗವೂ ಬೇರೆ ಇರುತ್ತದೆ. ಕರ್ತವ್ಯದ ಒತ್ತಡ, ಶ್ರಮ ಎಷ್ಟಿತ್ತೆಂದು ಅಲ್ಲಿ ದಾಖಲಾಗುವುದರಿಂದ, ಬೋರ್ಡಿಗೆ ಹೋಗುವ ಮುನ್ನ ಯೂನಿಟ್ಟಿನಲ್ಲಿ ವಿನಯದಿಂದ ಆ ವಿಷಯವನ್ನು ಪ್ರಸ್ತಾಪಿಸುವುದರಲ್ಲಿ ಯಾವ ತಪ್ಪೂ ಇಲ್ಲ.

ಕೆಟಗರಿ ಬದಲಾದ ಪ್ರತಿ ಸಲದ ಬೋರ್ಡ್ ಕಾಗದ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಬೆನ್ನಿಗೆ ಪೆಟ್ಟಾಗಿದ್ದರೆ ಆ ಸಮಯದ ಗಾಯದ ವರದಿ, ಎಂಆರ್‌ಐ ಫಲಿತಾಂಶ ಇವುಗಳ ಪ್ರತಿಗಳನ್ನು ಮನೆಯಲ್ಲೂ ಒಂದು ಕಟ್ಟು ಇಟ್ಟುಕೊಳ್ಳಿ. ಬೋರ್ಡ್ ಮುಗಿದ ಮೇಲೆ ಅದರ ನಡಾವಳಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತಮ್ಮದೇ ವೈದ್ಯಕೀಯ ದಾಖಲೆಯನ್ನು ಕೇಳುವ ಹಕ್ಕು ಸೈನಿಕನಿಗಿದೆ.

ಅಂಗವೈಕಲ್ಯದ ಅರ್ಹತೆಯ ನಿಯಮಾವಳಿ ಬದಲಾಗಿರುವುದನ್ನೂ ನೀವು ತಿಳಿದಿರಬೇಕು. 2023ರ ಸೆಪ್ಟೆಂಬರ್ 21ರಿಂದ ನಿವೃತ್ತರಾಗುವವರಿಗೆ ಹೊಸ ನಿಯಮಾವಳಿ ಅನ್ವಯಿಸುತ್ತದೆ. ಅವಧಿ ಮುಗಿಸಿ ಬರುವವರಿಗೆ ಮೊದಲು ‘ಡಿಸೆಬಿಲಿಟಿ ಎಲಿಮೆಂಟ್’ ಎಂದು ಸಿಗುತ್ತಿದ್ದುದು ಈಗ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಹೆಸರಿನಲ್ಲಿದೆ. ಯಾವ ಕಾಯಿಲೆಯನ್ನು ಸೇವೆಗೆ ಸಂಬಂಧಿಸಿದ್ದೆಂದು ಒಪ್ಪಬೇಕು ಎಂಬ ಮಾರ್ಗಸೂಚಿಯನ್ನೂ ಪರಿಷ್ಕರಿಸಲಾಗಿದೆ. ಆದ್ದರಿಂದ ಹತ್ತು ವರ್ಷದ ಹಿಂದೆ ನಿವೃತ್ತರಾದ ನೆಂಟರ ಅನುಭವವನ್ನು ನೆಚ್ಚಿಕೊಂಡು, ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ ತಾನಾಗಿಯೇ ಸಿಗುತ್ತದೆ ಎಂದು ನಿಮ್ಮ ಯಜಮಾನರು ಸುಮ್ಮನಿರಬಾರದು. ಎತ್ತರದ ಪ್ರದೇಶದ ಸೇವೆಯ ವಿವರಕ್ಕೂ ರಕ್ತದೊತ್ತಡ ಮೊದಲು ದಾಖಲಾದ ದಿನಾಂಕಕ್ಕೂ ಹೊಂದಾಣಿಕೆ ಇರುವುದು ಅವರ ವಿಷಯದಲ್ಲಿ ಬಹಳ ಮುಖ್ಯ.

ಪ್ರಶ್ನೆ: ನಾನು 2007ರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ಸುಬೇದಾರನಾಗಿ ನಿವೃತ್ತನಾದೆ. ರಿಲೀಸ್ ಬೋರ್ಡಿನಲ್ಲಿ ರಕ್ತದೊತ್ತಡಕ್ಕೆ ಶೇ 30, ಜೀವನಪರ್ಯಂತ ಎಂದು ಬರೆದರೂ ‘ಸೇವೆಗೆ ಸಂಬಂಧವಿಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ’ ಎಂದು ಷರಾ ಹಾಕಿದರು. ಆಗ ಮೇಲ್ಮನವಿ ಸಲ್ಲಿಸಲಿಲ್ಲ. ನನ್ನ ಜೊತೆಯವರಿಗೆ ಈಗ ಕೋರ್ಟಿನಿಂದ ಸಿಕ್ಕಿದೆ ಎಂದು ಕೇಳುತ್ತಿದ್ದೇನೆ. ಇಷ್ಟು ವರ್ಷದ ಮೇಲೆ ನನಗೆ ದಾರಿ ಇದೆಯೇ? — ನಿವೃತ್ತ ಸುಬೇದಾರರು, ಗೋಕಾಕ

ಉತ್ತರ: ಸುಬೇದಾರ್ ಸಾಹೇಬರೇ, ದಾರಿ ಇದೆ. ನೀವು ನಿವೃತ್ತರಾದ ಕಾಲಕ್ಕೆ ಅನ್ವಯಿಸುವುದು 1982ರ ಅರ್ಹತಾ ನಿಯಮಗಳು. ಆ ನಿಯಮಗಳನ್ನು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಸಿಗ್ನಲ್ಸ್ ದಳಕ್ಕೆ 1985ರಲ್ಲಿ ಸೇರಿದ ಆ ಸೈನಿಕರನ್ನು ಅಪಸ್ಮಾರದ ಕಾರಣದಿಂದ 1994ರಲ್ಲಿ ಹೊರಕಳಿಸಲಾಗಿತ್ತು. ಸೇರುವಾಗ ವೈದ್ಯಕೀಯ ಪರೀಕ್ಷೆಯಲ್ಲಿ ಯಾವ ಕಾಯಿಲೆಯನ್ನೂ ಗುರುತಿಸದೆ ಇದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದ್ದನೆಂದು ಭಾವಿಸಬೇಕು, ನಂತರ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಸಾಬೀತುಪಡಿಸುವ ಹೊಣೆ ಸೈನಿಕನದ್ದಲ್ಲ, ಅನುಮಾನ ಉಳಿದರೆ ಅದರ ಲಾಭ ಸೈನಿಕನಿಗೇ ಸೇರಬೇಕು, ಬೋರ್ಡ್ ಕಾರಣ ಕೊಡದೆ ಅಭಿಪ್ರಾಯ ಬರೆಯುವಂತಿಲ್ಲ ಎಂಬುದು ತೀರ್ಪಿನ ಸಾರ. ನಿಮ್ಮ ಬೋರ್ಡಿನ ಕಾಗದವನ್ನು ತೆಗೆದು ನೋಡಿ: ‘ಸಂಬಂಧವಿಲ್ಲ’ ಎಂಬುದಕ್ಕೆ ಏನು ಕಾರಣ ಬರೆದಿದ್ದಾರೆ? ದೇಹಪ್ರಕೃತಿಯಿಂದ ಬಂದದ್ದು ಎಂಬ ಒಂದು ಸಾಲನ್ನು ಬಿಟ್ಟರೆ ಬೇರೇನೂ ಇರದಿದ್ದರೆ ನಿಮ್ಮ ವಾದಕ್ಕೆ ಅದೇ ಬಲ. ಪೀಸ್ ಸ್ಟೇಷನ್‌ನಲ್ಲಿ ಕಾಯಿಲೆ ಬಂತು ಎಂಬ ಒಂದೇ ಕಾರಣಕ್ಕೆ ನಿರಾಕರಿಸುವುದನ್ನು ದಿಲ್ಲಿ ಹೈಕೋರ್ಟ್ ಕೂಡ 2025ರಲ್ಲಿ ಒಪ್ಪಲಿಲ್ಲ.

ತಡವಾಗಿರುವುದಕ್ಕೆ ಪರಿಣಾಮ ಇದ್ದೇ ಇದೆ. ಪಿಂಚಣಿ ಪ್ರತಿ ತಿಂಗಳೂ ಬರಬೇಕಾದದ್ದು. ಬರದೆ ಇರುವುದು ಪ್ರತಿ ತಿಂಗಳೂ ಹೊಸದಾಗಿ ಆಗುವ ಅನ್ಯಾಯ. ಹೀಗಾಗಿ ತಡವಾಯಿತೆಂಬ ಕಾರಣಕ್ಕೆ ಹಕ್ಕು ಸಂಪೂರ್ಣ ಹೋಗುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಗೆರೆಯಂತೆ, ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಸಲ್ಲಿಸುವುದಕ್ಕೆ ಮುಂಚಿನ ಮೂರು ವರ್ಷಗಳಿಗೆ ಮಾತ್ರ ಸಿಗುತ್ತದೆ. ಅಂದರೆ ನೀವು ಇನ್ನೊಂದು ವರ್ಷ ಕಾದರೆ ಒಂದು ವರ್ಷದ ಹಣ ಕೈಬಿಟ್ಟಂತೆಯೇ.

ಮೊತ್ತ ಎಷ್ಟಾದೀತೆಂದು ನೀವು ಕೇಳಿಲ್ಲವಾದರೂ ಹೇಳುತ್ತೇನೆ, ಯಾಕೆಂದರೆ ಶೇ 30ಕ್ಕೆ ಏನು ಸಿಕ್ಕೀತು ಎಂದು ಕೈಚೆಲ್ಲಿದವರು ಬಹಳ ಮಂದಿ ಇದ್ದಾರೆ. ಶೇ 100 ಅಂಗವೈಕಲ್ಯಕ್ಕೆ ಲೆಕ್ಕಕ್ಕೆ ಹಿಡಿಯುವ ಕೊನೆಯ ವೇತನದ ಶೇ 30 ಕೊಡಬೇಕು, ಕಡಿಮೆ ಇದ್ದರೆ ಅದೇ ಅನುಪಾತದಲ್ಲಿ ಇಳಿಯುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ, ಶೇ 30 ಅಂಗವೈಕಲ್ಯಕ್ಕೆ ತಿಂಗಳಿಗೆ 3,600 ರೂಪಾಯಿ ಬರುತ್ತದೆ. ಆದರೆ ಶೇ 50ರ ಕೆಳಗಿರುವುದನ್ನು 50 ಎಂದೂ, 50ರಿಂದ 75ರವರೆಗಿನದ್ದನ್ನು 75 ಎಂದೂ, ಅದಕ್ಕೂ ಹೆಚ್ಚಿನದ್ದನ್ನು 100 ಎಂದೂ ಪರಿಗಣಿಸುವ ಪದ್ಧತಿ ಇದೆ. ಇದಕ್ಕೆ ಬ್ರಾಡ್ ಬ್ಯಾಂಡಿಂಗ್ ಎನ್ನುತ್ತಾರೆ. 1996ರ ನಂತರ ಬೋರ್ಡ್ ಔಟ್ ಆದವರಿಗಷ್ಟೇ ಇದ್ದ ಈ ಸೌಲಭ್ಯವನ್ನು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಅವಧಿ ಪೂರೈಸಿ ನಿವೃತ್ತರಾದವರಿಗೂ ವಿಸ್ತರಿಸಿತು. ಆಗ ಮೇಲಿನ ಲೆಕ್ಕ 6,000 ರೂಪಾಯಿ ಆಗುತ್ತದೆ, ಅದರ ಮೇಲೆ ತುಟ್ಟಿ ಪರಿಹಾರ ಬೇರೆ. ಇದು ನಿಮ್ಮ ಈಗಿನ ಸೇವಾ ಪಿಂಚಣಿಯ ಜೊತೆಗೆ ಬರುವ ಹಣ.

ಮೊದಲು ಬೆಳಗಾವಿಯ ನಿಮ್ಮ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ (ಸೇವಾ ದಾಖಲೆಗಳ ಕಚೇರಿಗೆ) ಬರೆದು ಬೋರ್ಡಿನ ನಡಾವಳಿ ಮತ್ತು ಅಂದಿನ ನಿರಾಕರಣೆ ಪತ್ರದ ಪ್ರತಿಗಳನ್ನು ತರಿಸಿಕೊಳ್ಳಿ. ನಿರಾಕರಣೆಯಾದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ತಿರಸ್ಕೃತವಾದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು ಎಂಬುದು ಕ್ರಮ. ನಿಮ್ಮದು ತಡವಾದ್ದರಿಂದ, ವಿಳಂಬಕ್ಕೆ ಕಾರಣ ತಿಳಿಸಿ ಮನವಿ ಸಲ್ಲಿಸಿ, ಉತ್ತರ ಬಂದ ನಂತರ ಅಥವಾ ಬರದೆಯೇ ಉಳಿದರೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. 2007ರ ಕಾಯ್ದೆಯಡಿ ಸ್ಥಾಪನೆಯಾದ ಈ ನ್ಯಾಯಮಂಡಳಿಯ ಪೀಠಗಳಲ್ಲಿ ಕರ್ನಾಟಕವು ಕೊಚ್ಚಿಯ ಪೀಠದ ವ್ಯಾಪ್ತಿಗೆ ಬರುತ್ತದೆ. ಗೋಕಾಕದಿಂದ ಕೊಚ್ಚಿ ದೂರವೆಂಬುದು ನಿಜ, ಆದರೆ ಇಂತಹ ಪ್ರಕರಣಗಳು ಹೆಚ್ಚಾಗಿ ಕಾಗದಪತ್ರಗಳ ಮೇಲೆಯೇ ನಡೆಯುತ್ತವೆ. ನೀವು ಸಾಕ್ಷಿಕಟ್ಟೆ ಹತ್ತಬೇಕಾದ ಸಂದರ್ಭ ಸಾಮಾನ್ಯವಾಗಿ ಬರುವುದಿಲ್ಲ.

ಪ್ರಶ್ನೆ: ನನ್ನ ತಮ್ಮ ಸೇನೆ ಸೇರಿ ಆರು ವರ್ಷ ಆಗಿತ್ತು. ಮಾನಸಿಕ ಕಾಯಿಲೆಯೆಂದು ಕಳೆದ ವರ್ಷ ಬೋರ್ಡ್ ಔಟ್ ಮಾಡಿದರು. ಶೇ 20ಕ್ಕಿಂತ ಕಡಿಮೆ, ಸೇವೆಗೆ ಸಂಬಂಧವಿಲ್ಲ ಎಂದು ಬರೆದಿದ್ದಾರೆ. ಊರಿನಲ್ಲಿ ಜನ ಏನೇನೋ ಆಡಿಕೊಳ್ಳುತ್ತಾರೆ, ಅವನು ಮನೆಬಿಟ್ಟು ಹೊರಗೆ ಬರುತ್ತಿಲ್ಲ. ಏನಾದರೂ ಸಿಗುವ ಸಾಧ್ಯತೆ ಇದೆಯೇ? — ಅಣ್ಣ, ಹಾವೇರಿ ಜಿಲ್ಲೆ

ಉತ್ತರ: ಎಲ್ಲಕ್ಕಿಂತ ಮೊದಲು ತಮ್ಮನ ಚಿಕಿತ್ಸೆ ನಿಲ್ಲಬಾರದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರವಿದೆ. ಅಲ್ಲಿನ ವೈದ್ಯರಿಗೆ ಸೇನಾ ಆಸ್ಪತ್ರೆಯ ಎಲ್ಲ ಕಾಗದಗಳನ್ನು ತೋರಿಸಿ, ಚಿಕಿತ್ಸೆಯ ದಾಖಲೆಯನ್ನು ಮುಂದುವರಿಸಿ. ಆ ದಾಖಲೆ ಮೇಲ್ಮನವಿಗೂ ಬೇಕಾಗುತ್ತದೆ. ಕಾಯಿಲೆ ಬಂದದ್ದು ಅವನ ತಪ್ಪಲ್ಲ ಎಂಬ ಮಾತನ್ನು ಮನೆಯವರೇ ಅವನಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಹಕ್ಕಿನ ವಿಷಯಕ್ಕೆ ಬಂದರೆ, ಶೇ 20ಕ್ಕಿಂತ ಕಡಿಮೆ ಎಂಬ ಆಕ್ಷೇಪಕ್ಕೆ ಉತ್ತರವಿದೆ. ಸೈನಿಕನನ್ನು ಕಾಯಿಲೆಯ ಕಾರಣಕ್ಕೆ ಸೇವೆಯಿಂದಲೇ ತೆಗೆದರೆ ಅವನ ಅಂಗವೈಕಲ್ಯ ಶೇ 20ಕ್ಕಿಂತ ಹೆಚ್ಚೆಂದೇ ಭಾವಿಸಬೇಕು ಎಂದು 2014ರ ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೆಲಸ ಮಾಡಲಾಗದಷ್ಟು ಅಸ್ವಸ್ಥನೆಂದು ಹೊರಕಳಿಸಿ, ಪಿಂಚಣಿಯ ಹೊತ್ತಿಗೆ ಕಾಯಿಲೆ ಅಲ್ಪ ಎನ್ನುವುದು ನ್ಯಾಯವಲ್ಲ.

ಸೇವೆಗೆ ಸಂಬಂಧವಿಲ್ಲ ಎಂಬ ಷರಾ ಇದಕ್ಕಿಂತ ಕಠಿಣ. ಮಾನಸಿಕ ಕಾಯಿಲೆಯ ವಿಷಯದಲ್ಲಿ ತೀರ್ಪುಗಳು ಎರಡೂ ಕಡೆಗಿವೆ. 2019ರಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ, ಇಂತಹ ಕಾಯಿಲೆಯನ್ನು ನೇಮಕಾತಿಯ ಪರೀಕ್ಷೆಯಲ್ಲಿ ಪತ್ತೆಹಚ್ಚಲಾಗದು ಎಂಬ ಕಾರಣದಿಂದ ಸುಪ್ರೀಂ ಕೋರ್ಟ್ ಸೈನಿಕನ ಕೋರಿಕೆಯನ್ನು ಒಪ್ಪಲಿಲ್ಲ. 2013ರ ವೀರ್ ಪಾಲ್ ಸಿಂಗ್ ಪ್ರಕರಣದಲ್ಲಿ ಮರುಪರೀಕ್ಷೆಗೆ ಹೊಸ ಬೋರ್ಡ್ ನಡೆಸುವಂತೆ ಆದೇಶಿಸಿತ್ತು. 2025ರಲ್ಲಿ ಸ್ಕಿಜೋಫ್ರೇನಿಯಾದ ಕಾರಣ ಹೊರಕಳಿಸಲಾದ ರಾಜುಮೋನ್ ಅವರ ಪ್ರಕರಣದಲ್ಲಿ, ಕಾರಣಗಳಿಲ್ಲದ ಬೋರ್ಡ್ ಅಭಿಪ್ರಾಯಕ್ಕೆ ಬೆಲೆಯಿಲ್ಲವೆಂದು ಹೇಳಿ ಸೈನಿಕನ ಪರವಾಗಿ ತೀರ್ಪು ಕೊಟ್ಟಿತು. ಹೀಗಾಗಿ ನಿಮ್ಮ ತಮ್ಮನ ಬೋರ್ಡಿನಲ್ಲಿ ಕಾರಣ ಬರೆದಿದ್ದಾರೆಯೇ, ಕುಟುಂಬದಲ್ಲಿ ಈ ಕಾಯಿಲೆಯ ಇತಿಹಾಸವಿದೆ ಎಂದು ಎಲ್ಲಾದರೂ ನಮೂದಾಗಿದೆಯೇ, ಮೊದಲ ಲಕ್ಷಣ ಕಂಡಾಗ ಅವನು ಯಾವ ಕರ್ತವ್ಯದಲ್ಲಿದ್ದ ಎಂಬುದರ ಮೇಲೆ ಫಲ ನಿಂತಿದೆ. ಗೆದ್ದೇ ಗೆಲ್ಲುತ್ತೀರೆಂದು ನಾನು ಹೇಳಲಾರೆ, ಆದರೆ ಆರು ತಿಂಗಳ ಮೇಲ್ಮನವಿಯ ಅವಧಿಯನ್ನು ಮಾತ್ರ ಕಳೆದುಕೊಳ್ಳಬೇಡಿ. ಕಳೆದಿದ್ದರೂ ವಿಳಂಬ ಮನ್ನಿಸಲು ಕೋರಿ ಸಲ್ಲಿಸಿ.

ಇನ್ನೊಂದು ಬಾಗಿಲೂ ಇದೆ. ಸೇವೆಗೆ ಸಂಬಂಧವಿಲ್ಲದ ಕಾಯಿಲೆಯಿಂದ ಹೊರಬಂದವರಿಗೆ ಇನ್‌ವ್ಯಾಲಿಡ್ ಪಿಂಚಣಿ ಸಿಗಲು ಹಿಂದೆ ಕನಿಷ್ಠ ಹತ್ತು ವರ್ಷದ ಸೇವೆ ಬೇಕಿತ್ತು. ಕಡಿಮೆ ಇದ್ದವರಿಗೆ ಒಂದೇ ಸಲದ ಗ್ರಾಚ್ಯುಟಿ ಕೊಟ್ಟು ಕಳಿಸುತ್ತಿದ್ದರು. 2020ರ ಜುಲೈನಲ್ಲಿ ರಕ್ಷಣಾ ಸಚಿವಾಲಯ ಈ ಷರತ್ತನ್ನು ಸಡಿಲಿಸಿತು. 2019ರ ಜನವರಿ 4ರಂದು ಅಥವಾ ನಂತರ ಸೇವೆಯಲ್ಲಿದ್ದವರು ಹತ್ತು ವರ್ಷ ತುಂಬದಿದ್ದರೂ ಅರ್ಹರು, ಆದರೆ ಸೈನಿಕ ಸೇವೆಗೂ ನಾಗರಿಕ ಉದ್ಯೋಗಕ್ಕೂ ಶಾಶ್ವತವಾಗಿ ಅಸಮರ್ಥರೆಂದು ಪ್ರಮಾಣಿತವಾಗಿರಬೇಕು. ತಮ್ಮನ ಬೋರ್ಡಿನ ಕಾಗದದಲ್ಲಿ ನಾಗರಿಕ ಉದ್ಯೋಗದ ಬಗ್ಗೆ ಏನು ಬರೆದಿದ್ದಾರೆಂದು ನೋಡಿ.

ಪ್ರಶ್ನೆ: ರಜೆಯಲ್ಲಿ ಊರಿಗೆ ಬಂದಿದ್ದಾಗ ಹಾಸನದ ಬಳಿ ಬೈಕಿನಿಂದ ಬಿದ್ದು ಕಾಲು ಮುರಿಯಿತು. ರಜೆಯೂ ಸೇವೆಯ ಭಾಗವೇ, ಆದ್ದರಿಂದ ಅಂಗವೈಕಲ್ಯ ಪಿಂಚಣಿ ಸಿಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ? — ಯೋಧರು, ಚನ್ನರಾಯಪಟ್ಟಣ

ಉತ್ತರ: ರಜೆಯಲ್ಲಿದ್ದಾಗಲೂ ನೀವು ಸೈನಿಕರೇ, ಆದರೆ ಅಷ್ಟೇ ಸಾಲದು. ಗಾಯಕ್ಕೂ ಸೈನಿಕ ಕರ್ತವ್ಯಕ್ಕೂ ಕಾರಣದ ನಂಟು ಇರಬೇಕು. ರಜೆಯಲ್ಲಿ ಸ್ವಂತ ಕೆಲಸಕ್ಕೆ ಓಡಾಡುವಾಗ ಆದ ಅಪಘಾತಕ್ಕೆ ಆ ನಂಟಿಲ್ಲವೆಂದು ಸುಪ್ರೀಂ ಕೋರ್ಟ್ 2011ರ ಜುಝಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಯೂನಿಟ್ಟಿನಿಂದ ರಜೆಗೆಂದು ಊರಿಗೆ ಬರುವ ಅಥವಾ ರಜೆ ಮುಗಿಸಿ ಯೂನಿಟ್ಟಿಗೆ ಹಿಂದಿರುಗುವ ಪ್ರಯಾಣದಲ್ಲಿ, ಅದೂ ಸರ್ಕಾರಿ ಖರ್ಚಿನಲ್ಲಿ ಪ್ರಯಾಣಿಸಲು ಅರ್ಹತೆ ಇದ್ದಾಗ ಆದ ಅಪಘಾತವಾದರೆ ಮಾತು ಬೇರೆ. ಅದನ್ನು ನಿಯಮಗಳೇ ಕರ್ತವ್ಯವೆಂದು ಪರಿಗಣಿಸುತ್ತವೆ. ನೀವು ಊರಿನಲ್ಲಿ ಸ್ವಂತ ಕೆಲಸದ ಮೇಲಿದ್ದಿರಿ ಎಂದಾದರೆ, ಇದರ ಮೇಲೆ ಹಣ ಖರ್ಚುಮಾಡಿ ವ್ಯಾಜ್ಯ ಹೂಡಲು ನಾನು ಸಲಹೆ ನೀಡಲಾರೆ.

ಪ್ರಶ್ನೆ: ನನ್ನ ಮಗ ಅಗ್ನಿವೀರ. ಗಡಿಯಲ್ಲಿ ಕೆಲಸ ಮಾಡುವಾಗ ಕೈಗೆ ಗಂಭೀರ ಪೆಟ್ಟಾಗಿದೆ. ಅವನಿಗೂ ಅಂಗವೈಕಲ್ಯ ಪಿಂಚಣಿ ಸಿಗುತ್ತದೆಯೇ? — ತಂದೆ, ವಿಜಯಪುರ ಜಿಲ್ಲೆ

ಉತ್ತರ: ಅಗ್ನಿವೀರರಿಗೆ ಮಾಸಿಕ ಅಂಗವೈಕಲ್ಯ ಪಿಂಚಣಿಯ ಬದಲು ಒಂದೇ ಸಲದ ಪರಿಹಾರವಿದೆ. ಗಾಯ ಸೇವೆಗೆ ಸಂಬಂಧಿಸಿದ್ದೆಂದು ವೈದ್ಯಕೀಯ ಅಧಿಕಾರಿಗಳು ಒಪ್ಪಿದರೆ, ಅಂಗವೈಕಲ್ಯ ಶೇ 100 ಇದ್ದಾಗ 44 ಲಕ್ಷ, 75 ಇದ್ದಾಗ 25 ಲಕ್ಷ, 50 ಇದ್ದಾಗ 15 ಲಕ್ಷ ರೂಪಾಯಿ ಎಂದು 2022ರ ಅಗ್ನಿಪಥ ಯೋಜನೆಯಲ್ಲಿ ನಿಗದಿಯಾಗಿದೆ. ಅದರ ಜೊತೆಗೆ, ಅಂಗವೈಕಲ್ಯದಿಂದ ಸೇವೆ ಮೊಟಕಾದರೆ ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ಪೂರ್ತಿ ವೇತನ ಮತ್ತು ಸೇವಾ ನಿಧಿಯ (ಅಗ್ನಿವೀರರಿಗೆ ಸೇವೆಯ ಕೊನೆಯಲ್ಲಿ ಕೊಡುವ ಇಡುಗಂಟಿನ) ಹಣವೂ ಬರಬೇಕು.

ಪ್ರಮಾಣದ ಒಂದು ಮೆಟ್ಟಿಲು ವ್ಯತ್ಯಾಸವಾದರೆ ಹತ್ತು ಲಕ್ಷ ಅಥವಾ ಅದಕ್ಕೂ ಹೆಚ್ಚು ವ್ಯತ್ಯಾಸವಾಗುವುದರಿಂದ, ನಿಮ್ಮ ಮಗ ಈಗಲೇ ಎಚ್ಚರ ವಹಿಸಬೇಕು. ಪೆಟ್ಟಾದ ಸಮಯದ ಗಾಯದ ವರದಿ ಯೂನಿಟ್ಟಿನಲ್ಲಿ ಆಗಿದೆಯೇ, ಕೋರ್ಟ್ ಆಫ್ ಎನ್‌ಕ್ವಯರಿ (ಸೇನೆಯ ಆಂತರಿಕ ವಿಚಾರಣೆ) ನಡೆದಿದ್ದರೆ ಅದರಲ್ಲಿ ‘ಕರ್ತವ್ಯದಲ್ಲಿದ್ದಾಗ’ ಎಂದು ಸ್ಪಷ್ಟವಾಗಿ ಬರೆದಿದೆಯೇ ಎಂದು ಅವನು ಆಸ್ಪತ್ರೆಯಲ್ಲಿರುವಾಗಲೇ ಪತ್ರ ಬರೆದು ಕೇಳಲಿ. ಬೆರಳುಗಳ ಹಿಡಿತ, ಮೊಣಕೈಯ ಚಲನೆ ಎಷ್ಟು ಉಳಿದಿದೆ ಎಂಬ ಮೂಳೆತಜ್ಞರ ಅಳತೆಗಳು ಬೋರ್ಡಿನ ಮುಂದೆ ಇರುವಂತೆ ನೋಡಿಕೊಳ್ಳಲಿ. ಕಾಗದಗಳ ವಿಷಯದಲ್ಲಿ ನೆರವು ಬೇಕಾದರೆ ನಿಮ್ಮ ಜಿಲ್ಲೆಗೆ ಸಂಬಂಧಿಸಿದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಮಗನ ಸೇನಾ ಸಂಖ್ಯೆ ಮತ್ತು ಯೂನಿಟ್ಟಿನ ವಿಳಾಸದೊಂದಿಗೆ ಹೋಗಿ ವಿಚಾರಿಸಿ.